ರೇಷ್ಮೆಯ ಗಂಟಿನಲ್ಲಿ ಲಸಿಕೆಯ ಬುತ್ತಿ

ಏಪ್ರಿಲ್ ತಿಂಗಳ ನಡುಹಗಲು. ಚಳ್ಳಕೆರೆ ತಾಲ್ಲೂಕಿನ ಯಾವ ಹಟ್ಟಿಗಾದರೂ ಹೋಗಿ, ಬಿಸಿಲು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಲಸಿಕೆಯ ದಿನವಾದರೆ ಆರೋಗ್ಯ ಸಹಾಯಕಿ ಹೆಗಲಿಗೊಂದು ಪೆಟ್ಟಿಗೆ ತೂಗುಹಾಕಿಕೊಂಡು ಅಂಗನವಾಡಿಯ ಬಾಗಿಲಿಗೆ ಬರುತ್ತಾರೆ. ಪೆಟ್ಟಿಗೆಯೊಳಗೆ ನಾಲ್ಕು ಗೋಡೆಗೆ ಒತ್ತಿಕೊಂಡಂತೆ ನಾಲ್ಕು ಐಸ್ ಪ್ಯಾಕ್, ನಡುವೆ ಹದಿನಾರರಿಂದ ಇಪ್ಪತ್ತು ಸೀಸೆಗಳು. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಮುಚ್ಚಳವನ್ನು ಮೇಲಿಂದ ಮೇಲೆ ತೆಗೆಯದಿದ್ದರೆ ಈ ತಂಪು ಸುಮಾರು 12 ಗಂಟೆ ಉಳಿದೀತು. ಹೊರಗೆ 40, ಒಳಗೆ 8. ನಡುವಿನ ಈ ಮೂವತ್ತೆರಡು ಡಿಗ್ರಿಗಳನ್ನು ಕಾರ್ಖಾನೆಯಿಂದ ಹಿಡಿದು ಕೊನೆಯ ಹಟ್ಟಿಯವರೆಗೆ ಕಾಯ್ದುಕೊಂಡು ಬರುವುದಕ್ಕೆ ‘ಶೀತಲ ಸರಪಳಿ’ ಎಂದು ಹೆಸರು. ಸರಪಳಿಯ ಒಂದು ಕೊಂಡಿ ಕಳಚಿದರೂ ಸೀಸೆಯಲ್ಲಿ ಉಳಿಯುವುದು ಬರೀ ನೀರು.

ಮುಂದಿನ ಸಲ ಮಗುವನ್ನು ಲಸಿಕೆಗೆ ಕರೆದೊಯ್ದಾಗ ಪಾಲಕರು ಸೀಸೆಯ ಮೇಲಿನ ಪುಟ್ಟ ಗುರುತನ್ನು ನೋಡಬಹುದು. ಒಂದು ವೃತ್ತ, ಅದರೊಳಗೊಂದು ಚೌಕ. ಚೌಕವು ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಲು ಯೋಗ್ಯ. ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಎರಡೂ ಒಂದೇ ಬಣ್ಣಕ್ಕೆ ಬಂದವೆಂದರೆ, ಅಥವಾ ಚೌಕವೇ ಇನ್ನೂ ಕಪ್ಪಾಯಿತೆಂದರೆ, ಸೀಸೆಯನ್ನು ಎಸೆಯಬೇಕು. ಅಕ್ಷರ ಬಾರದವರೂ ಓದಬಲ್ಲ ಶಾಖಮಾಪಕ ಇದು.

ಇದು ಹಳೆಯ ಲಸಿಕೆಗಳ ಕಥೆ. ಈಗ ಬಂದಿರುವ ‘ಜೀನ್ ಲಸಿಕೆ’ಗಳದ್ದು ಇನ್ನೂ ನಾಜೂಕಿನ ದೇಹ. ಅವುಗಳಲ್ಲಿ ಕೆಲವನ್ನು ಶೂನ್ಯಕ್ಕಿಂತ 70 ಡಿಗ್ರಿ ಕೆಳಗೆ ಇಡಬೇಕಾಗಿ ಬಂದದ್ದು ಕೋವಿಡ್ ಕಾಲದಲ್ಲಿ ಎಲ್ಲರಿಗೂ ತಿಳಿಯಿತು. ಇಂಥ ಲಸಿಕೆಯನ್ನು ಯಾವುದರಲ್ಲಿ ಕಟ್ಟಿ ಕಳಿಸಿದರೆ ದಾರಿಯಲ್ಲಿ ಕೆಡದೆ, ದೇಹದೊಳಗೆ ಸರಿಯಾದ ಜಾಗಕ್ಕೆ ಹೋಗಿ ಬಿಚ್ಚಿಕೊಂಡೀತು? ಮೂವತ್ತು ವರ್ಷಗಳಿಂದ ವಿಜ್ಞಾನಿಗಳು ಹುಡುಕುತ್ತಿರುವ ಉತ್ತರಗಳಲ್ಲಿ ಎರಡು ನಮ್ಮ ಜನಕ್ಕೆ ತೀರ ಪರಿಚಿತ. ಒಂದು ಸೀಗಡಿಯ ಸಿಪ್ಪೆ. ಇನ್ನೊಂದು ಮೊಳಕಾಲ್ಮುರಿನ ಮಗ್ಗಗಳ ಮೇಲೆ ದಿನವೂ ಓಡಾಡುವ ರೇಷ್ಮೆ.

ಬಂಡೆಯ ಮೇಲಿನ ಓಲೆ, ಜೀವಕೋಶದ ಓಲೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಈ ಮೂರು ಕಡೆ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ರವಾನಿಸಿದ ಸಂದೇಶ ಅದು. ಚಕ್ರವರ್ತಿ ಖುದ್ದಾಗಿ ಇಲ್ಲಿಗೆ ಬರಲಿಲ್ಲ, ಅವನ ಮಾತು ಬಂತು. ಆ ಮಾತನ್ನು ಯಾರೋ ಒಬ್ಬ ದೂತ ಮಳೆ ಬಿಸಿಲು ದಾಟಿಸಿ ಜೋಪಾನವಾಗಿ ತಂದ. ಲಿಪಿಕಾರ ಚಪಡನ ಹೆಸರು ಬಂಡೆಯ ಮೇಲೆ ಉಳಿದಿದೆ. ಓಲೆ ಹೊತ್ತು ತಂದವನ ಹೆಸರು ಉಳಿದಿಲ್ಲ.

ಜೀನ್ ಲಸಿಕೆಯ ಕೆಲಸವೂ ಹೀಗೆಯೇ. ಹಳೆಯ ಲಸಿಕೆಗಳಲ್ಲಿ ರೋಗಾಣುವನ್ನೇ ಕೊಂದೋ ಬಲಗುಂದಿಸಿಯೋ ದೇಹದೊಳಕ್ಕೆ ಬಿಡುತ್ತಾರೆ. ದೇಹ ಅದನ್ನು ನೋಡಿ ಎದುರಿಸುವುದನ್ನು ಕಲಿಯುತ್ತದೆ. ಜೀನ್ ಲಸಿಕೆಯಲ್ಲಿ ರೋಗಾಣು ಬರುವುದಿಲ್ಲ, ಅದರ ಒಂದು ಪ್ರೋಟೀನನ್ನು ತಯಾರಿಸುವ ಬಗೆ ಹೇಗೆಂಬ ಬರಹ ಮಾತ್ರ ಬರುತ್ತದೆ. ಬರಹ ಡಿಎನ್‌ಎ ರೂಪದಲ್ಲಿರಬಹುದು, ಆರ್‌ಎನ್‌ಎ ರೂಪದಲ್ಲಿರಬಹುದು. ನಮ್ಮ ಜೀವಕೋಶ ಅದನ್ನು ಓದಿ ಆ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಇದು ಪರಕೀಯವೆಂದು ಗುರುತಿಸಿದ ರಕ್ಷಣಾ ವ್ಯವಸ್ಥೆ ಪ್ರತಿಕಾಯಗಳನ್ನು ಸಜ್ಜುಗೊಳಿಸುತ್ತದೆ. ನಾಳೆ ನಿಜವಾದ ವೈರಸ್ ಬಂದರೆ ಬಾಗಿಲಲ್ಲೇ ತಡೆಯಲು ಪಡೆ ಸಿದ್ಧ.

1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ವುಲ್ಫ್ ಮತ್ತು ಸಂಗಡಿಗರು ಯಾವ ಹೊದಿಕೆಯೂ ಇಲ್ಲದ ಬರಿಯ ಡಿಎನ್‌ಎಯನ್ನು ಇಲಿಯ ಸ್ನಾಯುವಿಗೆ ಚುಚ್ಚಿದರು. ಸ್ನಾಯುವಿನ ಜೀವಕೋಶಗಳು ಅದನ್ನು ಓದಿ ಪ್ರೋಟೀನ್ ತಯಾರಿಸಿದವು. ಇಷ್ಟು ಸುಲಭವೇ ಎಂದು ಎಲ್ಲರೂ ಬೆರಗಾದರು. 1993ರ ಹೊತ್ತಿಗೆ ಇದೇ ದಾರಿಯಲ್ಲಿ ಇಲಿಗಳಿಗೆ ಫ್ಲೂ ಜ್ವರದಿಂದ ರಕ್ಷಣೆಯೂ ಸಿಕ್ಕಿತು. ಇನ್ನೇನು ಮನುಷ್ಯರ ಸರದಿ ಎಂದುಕೊಂಡವರು ಮಾತ್ರ ಮೂರು ದಶಕ ಕಾಯಬೇಕಾಯಿತು. ಇಲಿಯಲ್ಲಿ ಚೆನ್ನಾಗಿ ನಡೆದದ್ದು ಮನುಷ್ಯನ ದೊಡ್ಡ ದೇಹದಲ್ಲಿ ಮಂಕಾಯಿತು.

ಮನುಷ್ಯರಿಗೆ ಡಿಎನ್‌ಎ ಲಸಿಕೆಯನ್ನು ಜಗತ್ತಿನಲ್ಲೇ ಮೊದಲು ಮಂಜೂರು ಮಾಡಿದ ದೇಶ ಭಾರತ. ಗುಜರಾತಿನ ಝೈಡಸ್ ಕ್ಯಾಡಿಲಾ ಸಂಸ್ಥೆಯ ‘ಝೈಕೋವ್-ಡಿ’ ಕೋವಿಡ್ ಲಸಿಕೆಗೆ 2021ರ ಆಗಸ್ಟ್ 20ರಂದು ತುರ್ತು ಬಳಕೆಯ ಅನುಮತಿ ದೊರೆಯಿತು. ಅದಕ್ಕೆ ಸೂಜಿ ಬೇಡ. ಒತ್ತಡದಿಂದ ಚಿಮ್ಮುವ ಸಣ್ಣ ಧಾರೆಯೇ ಚರ್ಮದೊಳಕ್ಕೆ ನುಗ್ಗುತ್ತದೆ. 28 ದಿನಗಳ ಅಂತರದಲ್ಲಿ ಮೂರು ಡೋಸು, ಒಂದೊಂದು ಡೋಸಿಗೂ 2 ಮಿಲಿಗ್ರಾಂ ಡಿಎನ್‌ಎ.

ವಿದ್ಯಾರ್ಥಿಗಳು ಇಲ್ಲೊಂದು ಸಣ್ಣ ಲೆಕ್ಕ ಮಾಡಬಹುದು. ಅದೇ ಕೋವಿಡ್‌ಗೆ ಫೈಜರ್ ಕಂಪನಿಯ ಆರ್‌ಎನ್‌ಎ ಲಸಿಕೆಯ ಒಂದು ಡೋಸಿನಲ್ಲಿದ್ದದ್ದು 30 ಮೈಕ್ರೋಗ್ರಾಂ. 2 ಮಿಲಿಗ್ರಾಂ ಎಂದರೆ 2000 ಮೈಕ್ರೋಗ್ರಾಂ. ಅರವತ್ತಾರು ಪಟ್ಟಿಗೂ ಹೆಚ್ಚು! ಡಿಎನ್‌ಎ ಬೇರೆ, ಆರ್‌ಎನ್‌ಎ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ಸರಿಯಲ್ಲ. ಆರ್‌ಎನ್‌ಎ ಜೀವಕೋಶದ ಹೊಸ್ತಿಲು ದಾಟಿದರೆ ಸಾಕು, ಡಿಎನ್‌ಎ ಒಳಮನೆಯಾದ ಕೋಶಕೇಂದ್ರದವರೆಗೂ ಹೋಗಬೇಕು. ಆದರೂ ಈ ಅಂತರಕ್ಕೆ ಮುಖ್ಯ ಕಾರಣಗಳಲ್ಲೊಂದು ಹೊದಿಕೆ. ಫೈಜರ್ ಲಸಿಕೆಯನ್ನು ಲಿಪಿಡ್ ಎಂಬ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳೊಳಗೆ ಕಟ್ಟಿರುತ್ತಾರೆ. ಝೈಕೋವ್-ಡಿ ಬರಿಮೈಯಲ್ಲಿ ಹೊರಟ ಡಿಎನ್‌ಎ. ದಾರಿಯಲ್ಲಿ ಬಹುಪಾಲು ಹಾಳಾಗುತ್ತದೆಂದು ಗೊತ್ತಿದ್ದೇ ಹೆಚ್ಚು ಕಳಿಸಬೇಕಾಗುತ್ತದೆ.

ಹಾಳು ಮಾಡುವವರು ಯಾರು? ನಮ್ಮದೇ ದೇಹ. ಹೊರಗಿನ ಡಿಎನ್‌ಎ, ಆರ್‌ಎನ್‌ಎ ಕಂಡರೆ ಕತ್ತರಿಸಿ ಹಾಕುವ ಕಿಣ್ವಗಳು ರಕ್ತದಲ್ಲಿ, ಅಂಗಾಂಶಗಳಲ್ಲಿ ಕಾದಿರುತ್ತವೆ. ಅವುಗಳ ಕಣ್ಣು ತಪ್ಪಿಸಿದರೆ ಜೀವಕೋಶದ ಪೊರೆ ಅಡ್ಡ ಬರುತ್ತದೆ. ಪೊರೆಗೂ ಡಿಎನ್‌ಎಗೂ ಎರಡಕ್ಕೂ ಋಣ ವಿದ್ಯುದಂಶ. ಒಂದನ್ನೊಂದು ದೂರ ತಳ್ಳುತ್ತವೆ. ಗಾತ್ರವೂ ತೊಡಕೇ. ಐದು ಸಾವಿರ ಅಕ್ಷರ ಜೋಡಿಗಳ ಒಂದು ಡಿಎನ್‌ಎ ಬಳೆಯನ್ನು ಎಳೆದು ಅಳೆದರೆ, ಜೋಡಿಗೆ 0.34 ನ್ಯಾನೋಮೀಟರ್‌ನಂತೆ, 1700 ನ್ಯಾನೋಮೀಟರ್ ಸುತ್ತಳತೆ. ಇಷ್ಟುದ್ದದ ನೂಲನ್ನು ಉಂಡೆ ಸುತ್ತದೆ ಒಳಗೆ ತುರುಕುವುದು ಹೇಗೆ?

ಸೀಗಡಿ ಸಿಪ್ಪೆಯ ಉಪಕಾರ

ಉಂಡೆ ಸುತ್ತಲು ಬೇಕಾದದ್ದು ಧನ ವಿದ್ಯುದಂಶವಿರುವ ಇನ್ನೊಂದು ಉದ್ದನೆಯ ಎಳೆ. ಇಲ್ಲಿ ಪಾಲಿಮರ್‌ಗಳ ಪ್ರವೇಶವಾಗುತ್ತದೆ. ಪಾಲಿಮರ್ ಎಂದೊಡನೆ ಪ್ಲಾಸ್ಟಿಕ್ ನೆನಪಾಗುತ್ತದೆ. ಆದರೆ ಚಿಕ್ಕ ಅಣುಗಳು ಮಣಿಗಳಂತೆ ಪೋಣಿಸಿಕೊಂಡ ಯಾವುದೇ ಸರ ಪಾಲಿಮರ್ರೇ. ರಾಗಿಮುದ್ದೆಯ ಪಿಷ್ಟ ಪಾಲಿಮರ್, ಹತ್ತಿ ಪಾಲಿಮರ್, ಚಳ್ಳಕೆರೆಯ ಕಂಬಳಿಯ ಉಣ್ಣೆ ಪಾಲಿಮರ್. ಸೂಕ್ಷ್ಮವಾಗಿ ನೋಡಿದರೆ ಡಿಎನ್‌ಎ ಕೂಡ ನೈಸರ್ಗಿಕ ಪಾಲಿಮರ್‌ಗಳಲ್ಲೊಂದು. ಒಂದು ಸರವನ್ನು ಇನ್ನೊಂದು ಸರದಿಂದ ಸುತ್ತುವ ಉಪಾಯ ಇದು.

ಸೀಗಡಿ, ಏಡಿಗಳ ಚಿಪ್ಪಿನಲ್ಲಿ ‘ಕೈಟಿನ್’ ಎಂಬ ಪಾಲಿಮರ್ ಇದೆ. 1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಇದನ್ನು ಮೊದಲು ಗುರುತಿಸಿದ್ದು ಮಾತ್ರ ಅಣಬೆಯಲ್ಲಿ. ಚಿಪ್ಪಿನ ಸುಣ್ಣವನ್ನು ಆಮ್ಲದಿಂದ ತೆಗೆದು, ಪ್ರೋಟೀನನ್ನು ಕ್ಷಾರದಿಂದ ತೊಳೆದು, ಮತ್ತೆ ಗಾಢ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಕೈಟಿನ್ ‘ಕೈಟೋಸಾನ್’ ಆಗಿ ಮಾರ್ಪಡುತ್ತದೆ. ಮೀನು ಸಂಸ್ಕರಣೆಯ ಕಾರ್ಖಾನೆಗಳು ರಾಶಿ ರಾಶಿಯಾಗಿ ಹೊರಹಾಕುವ ಸಿಪ್ಪೆಯಿಂದ ಇದನ್ನು ತಯಾರಿಸುವ ಬಗೆಯನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ. ತುಸು ಹುಳಿ ನೀರಿನಲ್ಲಿ ಕೈಟೋಸಾನ್ ಕರಗುತ್ತದೆ. ಕರಗಿದಾಗ ಅದರ ಉದ್ದಕ್ಕೂ ಧನ ವಿದ್ಯುದಂಶ. ಋಣ ವಿದ್ಯುದಂಶದ ಡಿಎನ್‌ಎ ದ್ರಾವಣವನ್ನು ಅದಕ್ಕೆ ಬೆರೆಸಿದರೆ ಸಾಕು, ಎರಡೂ ತಾವಾಗಿ ಅಪ್ಪಿಕೊಂಡು ಒಂದೆರಡು ನೂರು ನ್ಯಾನೋಮೀಟರ್ ಅಗಲದ ಉಂಡೆಗಳಾಗುತ್ತವೆ.

ಈ ಉಂಡೆಗಳು ಹೆಸರು ಮಾಡಿದ ಪ್ರಯೋಗ ಎಣ್ಣೆ ಗಾಣಗಳ ಊರಾದ ಚಳ್ಳಕೆರೆಯವರಿಗೆ ಸ್ವಾರಸ್ಯವೆನಿಸೀತು. ಏಕೆಂದರೆ ಅದು ಶೇಂಗಾಕ್ಕೆ ಸಂಬಂಧಿಸಿದ್ದು! ಅಮೆರಿಕದಲ್ಲಿ ಶೇಂಗಾದ ಒಂದೆರಡು ಬೀಜ ತಿಂದರೂ ಉಸಿರುಗಟ್ಟುವಷ್ಟು ಅಲರ್ಜಿ ಇರುವ ಮಕ್ಕಳಿದ್ದಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೃಷ್ಣೇಂದು ರಾಯ್, ಕ್ಯಾಮ್ ಲಿಯಾಂಗ್ ಮೊದಲಾದವರು ಶೇಂಗಾದ ಅಲರ್ಜಿಕಾರಕ ಪ್ರೋಟೀನೊಂದರ ಜೀನನ್ನು ಕೈಟೋಸಾನ್‌ನಲ್ಲಿ ಸುತ್ತಿ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ಆಮೇಲೆ ಶೇಂಗಾ ಅಲರ್ಜಿ ಬರಿಸಿದಾಗ ಈ ಇಲಿಗಳಲ್ಲಿ ಅಪಾಯ ಬಹಳಷ್ಟು ತಗ್ಗಿತ್ತು. ಬರಿಯ ಡಿಎನ್‌ಎ ಪಡೆದ ಇಲಿಗಳಿಗೆ ಆ ರಕ್ಷಣೆ ಸಿಗಲಿಲ್ಲ. 1999ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಜಠರದ ಆಮ್ಲವನ್ನೂ ಕಿಣ್ವಗಳನ್ನೂ ದಾಟಿ ಡಿಎನ್‌ಎ ಕರುಳಿನವರೆಗೆ ಸುರಕ್ಷಿತವಾಗಿ ಹೋಗಬಲ್ಲದೆಂದು ತೋರಿಸಿದ್ದೇ ಅದರ ದೊಡ್ಡತನ. ಸೂಜಿಯಿಲ್ಲದೆ ಹನಿಯ ರೂಪದಲ್ಲಿ ಜೀನ್ ಲಸಿಕೆ ಕೊಡುವ ಆಸೆ ಅಲ್ಲಿಂದ ಗಟ್ಟಿಯಾಯಿತು.

ಇಪ್ಪತ್ತೈದು ವರ್ಷ ದಾಟಿದರೂ ಆ ಹನಿ ಇನ್ನೂ ಔಷಧಾಲಯಕ್ಕೆ ಬಂದಿಲ್ಲ. ಮುಖ್ಯ ತೊಡಕು ಗಂಟಿನದು. ಬಿಗಿಯಾಗಿ ಕಟ್ಟಿದರೆ ದಾರಿಯಲ್ಲಿ ಡಿಎನ್‌ಎ ಸುರಕ್ಷಿತ, ಆದರೆ ಜೀವಕೋಶದೊಳಗೆ ಹೋದ ಮೇಲೂ ಗಂಟು ಬಿಚ್ಚುವುದಿಲ್ಲ. ಸಡಿಲ ಕಟ್ಟಿದರೆ ಮುಟ್ಟುವ ಮೊದಲೇ ಬಿಚ್ಚಿ ಹೋಗುತ್ತದೆ. ಹೊಲಕ್ಕೆ ಬುತ್ತಿ ಕಟ್ಟುವ ತಾಯಂದಿರಿಗೆ ಈ ಹದ ಚೆನ್ನಾಗಿ ಗೊತ್ತು. ವಿಜ್ಞಾನಿಗಳು ಕೈಟೋಸಾನ್ ಸರದ ಉದ್ದ, ಅದರ ಮೇಲಿನ ವಿದ್ಯುದಂಶದ ಪ್ರಮಾಣ ಇವನ್ನು ಹೆಚ್ಚುಕಡಿಮೆ ಮಾಡುತ್ತ ಅದೇ ಹದವನ್ನು ಹುಡುಕುತ್ತಿದ್ದಾರೆ. ರಕ್ತ ಹುಳಿಯಲ್ಲ, ತುಸು ಕ್ಷಾರೀಯ. ಅಲ್ಲಿ ಕೈಟೋಸಾನ್ ತನ್ನ ವಿದ್ಯುದಂಶವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಜೊತೆಗೆ ನೈಸರ್ಗಿಕ ವಸ್ತುವಿನ ಹುಟ್ಟುಗುಣವೊಂದಿದೆ: ಈ ಸಲದ ಸಿಪ್ಪೆಯಿಂದ ಬಂದ ಕೈಟೋಸಾನ್ ಮುಂದಿನ ಸಲದಂತೆಯೇ ಇರುತ್ತದೆಂಬ ಭರವಸೆ ಇಲ್ಲ. ಔಷಧಕ್ಕೆ ಇದು ಸಣ್ಣ ದೋಷವಲ್ಲ. ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯುವುದೂ ತಪ್ಪು. ಉಮ್ಮತ್ತಿ ಕಾಯಿಯೂ ನೈಸರ್ಗಿಕವೇ ತಾನೆ?

ಹಂಡೆಯಿಂದ ಬೀಕರಿಗೆ

ಕೈಟೋಸಾನ್ ದೇಹದೊಳಗಿನ ದಾರಿಯ ತೊಡಕಿಗೆ ಉತ್ತರ. ದೇಹದ ಹೊರಗಿನ ದಾರಿ, ಅಂದರೆ ಆ 40 ಡಿಗ್ರಿ ಬಿಸಿಲಿನದು, ಹಾಗೇ ಉಳಿಯಿತು. ಅದಕ್ಕೆ ರೇಷ್ಮೆ.

ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೊಳಕಾಲ್ಮುರು ಸೀರೆಯ ನೂಲು ಬಣ್ಣಕ್ಕೆ ಹೋಗುವ ಮುಂಚೆ ಸೋಪು ಮತ್ತು ಸೋಡಾ ಹಾಕಿದ ಕುದಿನೀರಿನಲ್ಲಿ ಬೇಯುತ್ತದೆ. ರೇಷ್ಮೆಹುಳು ತನ್ನ ಗೂಡಿನ ಎಳೆಗಳಿಗೆ ಹಚ್ಚಿದ ‘ಸೆರಿಸಿನ್’ ಎಂಬ ಅಂಟು ಆಗ ಬಿಡುತ್ತದೆ. ನೂಲಿನ ತೂಕ ಹೆಚ್ಚುಕಡಿಮೆ ಕಾಲು ಭಾಗ ಇಳಿದು ಹೊಳಪು ಬರುತ್ತದೆ. ಉಳಿಯುವುದು ‘ಫೈಬ್ರಾಯಿನ್’ ಎಂಬ ಪ್ರೋಟೀನ್. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ! ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರು ಅಮೀನೋ ಆಮ್ಲಗಳೇ ಮತ್ತೆ ಮತ್ತೆ ಬರುವ ಈ ಸರಗಳು ಒಂದರ ಮಗ್ಗುಲಲ್ಲಿ ಒಂದು ಹಾಳೆಯಂತೆ ಒತ್ತಾಗಿ ಕೂರುತ್ತವೆ. ರೇಷ್ಮೆಯ ಗಟ್ಟಿತನದ ಗುಟ್ಟು ಇದೇ. ಗಾಯ ಹೊಲಿಯಲು ವೈದ್ಯರು ರೇಷ್ಮೆ ದಾರವನ್ನು ಬಹುಕಾಲದಿಂದ ಬಳಸುತ್ತ ಬಂದಿರುವುದರಿಂದ ದೇಹಕ್ಕೂ ಇದರ ಪರಿಚಯವಿದೆ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್ ಅವರ ತಂಡ ಮಾಡುವುದೂ ಮೊದಲ ಹಂತದಲ್ಲಿ ಬಣ್ಣಗಾರರ ಕೆಲಸವೇ. ಗೂಡುಗಳನ್ನು ಸೋಡಾ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ನಂತರ ಫೈಬ್ರಾಯಿನನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣವನ್ನು ಸೋಸಿ ತೆಗೆದರೆ ರೇಷ್ಮೆ ಮತ್ತೆ ಹುಳುವಿನ ಹೊಟ್ಟೆಯಲ್ಲಿದ್ದಂತೆ ದ್ರವವಾಗುತ್ತದೆ. ಅದಕ್ಕೆ ಲಸಿಕೆ ಬೆರೆಸಿ ತೆಳ್ಳಗೆ ಹರಡಿ ಒಣಗಿಸಿದರೆ ಹಪ್ಪಳದಂಥ ಪಾರದರ್ಶಕ ಪೊರೆ. 2012ರಲ್ಲಿ ಈ ತಂಡ ದಡಾರ, ಮಂಗಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಯನ್ನು ಹೀಗೆ ರೇಷ್ಮೆಯಲ್ಲಿಟ್ಟು 45 ಡಿಗ್ರಿಯಲ್ಲಿ ಆರು ತಿಂಗಳು ಬಿಟ್ಟಿತು. ಲಸಿಕೆಯ ಶಕ್ತಿ ಬಹುಪಾಲು ಹಾಗೇ ಇತ್ತು. 45 ಡಿಗ್ರಿ ಎಂದರೆ ಚಳ್ಳಕೆರೆಯ ಬೇಸಿಗೆಯನ್ನೂ ಮೀರಿದ ಬಿಸಿ.

ಇದರ ತರ್ಕ ಪ್ರತಿ ಮನೆಯ ಮಾಳಿಗೆಯ ಮೇಲೂ ಇದೆ. ಸಂಡಿಗೆಯ ಹಿಟ್ಟು ಒಂದೇ ದಿನದಲ್ಲಿ ಹುಳಿಯಾಗುತ್ತದೆ. ಒಣಗಿದ ಸಂಡಿಗೆ ವರ್ಷವಾದರೂ ಕೆಡುವುದಿಲ್ಲ. ಅಣುಗಳು ಅಲ್ಲಾಡಿ ಒಡೆಯಲು ನೀರು ಬೇಕು. ಆರ್‌ಎನ್‌ಎ ವಿಷಯದಲ್ಲಂತೂ ಅದರ ಸರವನ್ನು ತುಂಡರಿಸುವುದರಲ್ಲಿ ನೀರಿಗೇ ನೇರ ಪಾತ್ರವಿದೆ. ರೇಷ್ಮೆಯ ಪೊರೆ ನೀರನ್ನು ದೂರವಿಟ್ಟು, ಲಸಿಕೆಯ ಅಣುಗಳು ಮಿಸುಕಾಡದಂತೆ ಸುತ್ತಲಿಂದ ಒತ್ತಿ ಹಿಡಿಯುತ್ತದೆ.

ದಡಾರದ ಲಸಿಕೆಯಲ್ಲಿರುವುದು ಬಲಗುಂದಿಸಿದ ವೈರಸ್, ಜೀನ್ ಲಸಿಕೆಯಲ್ಲ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ತಾನಾಗಿ ಗೆಲ್ಲುವುದಿಲ್ಲ. ಫೈಬ್ರಾಯಿನ್‌ಗೆ ಇರುವುದೂ ಋಣ ವಿದ್ಯುದಂಶ, ಹಾಗಾಗಿ ಅದು ಡಿಎನ್‌ಎಯನ್ನು ಅಪ್ಪಿಕೊಳ್ಳದು. ಇದಕ್ಕೆ 2009ರಲ್ಲಿ ಕೈಜಿ ನುಮಾಟಾ ಮತ್ತು ಕಪ್ಲಾನ್ ತಂಡ ಒಂದು ಉಪಾಯ ಹೂಡಿತು. ಜೇಡರ ರೇಷ್ಮೆಯ ಮಾದರಿಯ ಪ್ರೋಟೀನಿಗೆ ಧನ ವಿದ್ಯುದಂಶದ ‘ಲೈಸಿನ್’ ಬಾಲವನ್ನು ಜೋಡಿಸಿ, ಡಿಎನ್‌ಎಯನ್ನು ಕಟ್ಟಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಜೀವಕೋಶಗಳಿಗೆ ಮುಟ್ಟಿಸಿತು. ತಟ್ಟೆಯಿಂದ ಅಂಗನವಾಡಿಗೆ ಬರಲು ಇನ್ನೂ ಬಹಳ ದಾರಿ ಇದೆ.

ರೇಷ್ಮೆಯಿಂದ ಸೂಕ್ಷ್ಮ ಮುಳ್ಳುಗಳನ್ನು ಮಾಡಿ, ಬ್ಯಾಂಡೇಜಿನಂತೆ ಅಂಟಿಸುವ ಪಟ್ಟಿಯಲ್ಲಿ ಲಸಿಕೆ ಕೊಡುವ ಕೆಲಸವೂ ಟಫ್ಟ್ಸ್‌ನ ಸಂಶೋಧನೆಯಿಂದಲೇ ಬೆಳೆದಿದೆ. ಫ್ಲೂ ಜ್ವರದ ಅಂಥ ಪಟ್ಟಿಯೊಂದರ ಮೊದಲ ಹಂತದ ಪರೀಕ್ಷೆ ಮನುಷ್ಯರ ಮೇಲೆ ನಡೆದಿದೆ. 2023ರಲ್ಲಿ ಎಂಐಟಿಯ ವಿಜ್ಞಾನಿಗಳು ಆರ್‌ಎನ್‌ಎ ಲಸಿಕೆಯ ಮುಳ್ಳುಪಟ್ಟಿಗಳನ್ನೇ ಮುದ್ರಿಸುವ ಯಂತ್ರ ಮಾಡಿದರು. ಆ ಪಟ್ಟಿಗಳು ಕೋಣೆಯ ಉಷ್ಣತೆಯಲ್ಲಿ ಆರು ತಿಂಗಳು ಉಳಿದವು. ಅದರಲ್ಲಿ ಬಳಸಿದ ಪಾಲಿಮರ್ ಮಾತ್ರ ನೈಸರ್ಗಿಕವಲ್ಲ, ಕೃತಕ. ಎರಡರಲ್ಲಿ ಯಾವುದು ಮೊದಲು ಗುರಿ ಮುಟ್ಟುತ್ತದೆ ಎಂಬುದು ಈಗ ಕುತೂಹಲದ ಪ್ರಶ್ನೆ.

ಶಾಖದ ಸಮಸ್ಯೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ತಂಡ ಬೇರೊಂದು ದಾರಿ ಹಿಡಿಯಿತು. ಹೊದಿಕೆಯ ಗೊಡವೆಗೇ ಹೋಗದೆ ಕೋವಿಡ್ ವೈರಸ್ಸಿನ ಪ್ರೋಟೀನ್ ತುಣುಕನ್ನೇ ಗಟ್ಟಿಮುಟ್ಟಾಗಿ ರೂಪಿಸಿತು. ಒಣಗಿಸಿದ ರೂಪದಲ್ಲಿ ಅದು 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲೂ ಒಂದೂವರೆ ಗಂಟೆ ತಾಳಿಕೊಂಡಿತು. ಇದು ಜೀನ್ ಲಸಿಕೆಯಲ್ಲ, ನಿಜ. ಆದರೆ ಬಿಸಿಲ ನಾಡಿಗೆ ಬೇಕಾದ ಲಸಿಕೆಯ ಚಿಂತನೆ ಕರ್ನಾಟಕದಲ್ಲೇ ನಡೆದಿದೆ ಎಂಬುದು ಮಕ್ಕಳಿಗೆ ಗೊತ್ತಿರಲಿ. ಇದೇ ಸಂಸ್ಥೆಯ ಎರಡನೇ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿನ ಪ್ರತಿಭಾ ವಿಕಸನ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ.

ಪಾಲಕರ ಪ್ರಶ್ನೆ, ನೇಕಾರರ ಪ್ರಶ್ನೆ

ಜೀನ್ ಲಸಿಕೆ ಎಂದೊಡನೆ ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಅಳುಕು ಒಂದೇ: ಮಗುವಿನ ಜೀನೇ ಬದಲಾಗಿಬಿಟ್ಟರೆ? ಆರ್‌ಎನ್‌ಎ ಕೋಶಕೇಂದ್ರದೊಳಗೆ ಹೋಗುವುದೇ ಇಲ್ಲ. ಕೆಲಸ ಮುಗಿದ ಮೇಲೆ ಕೆಲವೇ ದಿನಗಳಲ್ಲಿ ಜೀವಕೋಶ ಅದನ್ನು ಒಡೆದುಹಾಕುತ್ತದೆ. ಡಿಎನ್‌ಎ ಲಸಿಕೆ ಕೋಶಕೇಂದ್ರಕ್ಕೆ ಹೋಗುತ್ತದೆ, ಆದರೆ ಬೇರೆ ಬಳೆಯಾಗಿಯೇ ಉಳಿಯುತ್ತದೆ. ನಮ್ಮ ವರ್ಣತಂತುಗಳಿಗೆ ಹೊಲಿದುಕೊಳ್ಳುವಂತೆ ಅದನ್ನು ರೂಪಿಸಿರುವುದಿಲ್ಲ. ಹಾಗೆ ಅಪ್ಪಿತಪ್ಪಿ ಸೇರುವ ಸಾಧ್ಯತೆಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ, ಅದು ಅತ್ಯಲ್ಪ. ಅತ್ಯಲ್ಪ ಎಂದಿದ್ದರೂ ಪ್ರತಿ ಹೊಸ ಲಸಿಕೆಯಲ್ಲೂ ಮತ್ತೆ ಪರೀಕ್ಷಿಸುವುದು ರೂಢಿ. ಪಾಲಕರು ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ಕೇಳದೆ ಊರ ಗಾಳಿಮಾತು ನಂಬಿ ಲಸಿಕೆಯನ್ನೇ ತಪ್ಪಿಸುವುದರಿಂದ ಮಗುವಿಗೆ ಅಪಾಯ.

ಮೊಳಕಾಲ್ಮುರಿನ ನೇಕಾರರು ಕೇಳಬಹುದಾದ ಪ್ರಶ್ನೆ ಬೇರೆ. ಲಸಿಕೆಗೆ ರೇಷ್ಮೆ ಬೇಕಾದರೆ ರೇಷ್ಮೆಗೆ ಬೆಲೆ ಬಂದೀತೇ? ಆಸೆ ಹುಟ್ಟಿಸುವುದು ಸರಿಯಲ್ಲ. ಒಂದು ಡೋಸಿಗೆ ಐದು ಮಿಲಿಗ್ರಾಂ ಫೈಬ್ರಾಯಿನ್ ಎಂದುಕೊಂಡರೂ, ಅರ್ಧ ಕಿಲೋ ತೂಗುವ ಒಂದೇ ಸೀರೆಯ ರೇಷ್ಮೆ ಒಂದು ಲಕ್ಷ ಡೋಸಿಗೆ ಸಾಕು. ಮಗ್ಗದ ಮನೆಗೆ ಲಾಭವಾಗುವುದಿದ್ದರೆ ಅದು ನೂಲಿನ ವ್ಯಾಪಾರದಿಂದಲ್ಲ. ಹಂಡೆಯಲ್ಲಿ ಅಂಟು ಬಿಡುವುದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದ ಹುಡುಗನೋ ಹುಡುಗಿಯೋ ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ ಈ ಕೆಲಸಕ್ಕೆ ಕೈಹಾಕಿದರೆ ಆದೀತು. ಪಿಯುಸಿಯಲ್ಲಿ ವಿಜ್ಞಾನ ಎಂದರೆ ಡಾಕ್ಟರು, ಎಂಜಿನಿಯರು ಎರಡೇ ಬಾಗಿಲು ಎಂದು ನಂಬಿರುವ ಮನೆಗಳು ಇನ್ನೂ ಬಹಳ. ಬಿಎಸ್ಸಿಯ ದಾರಿಯಿಂದಲೂ ಜೈವಿಕ ತಂತ್ರಜ್ಞಾನಕ್ಕೆ, ಪಾಲಿಮರ್ ವಿಜ್ಞಾನಕ್ಕೆ ಹೋಗಬಹುದು.

ಇಂದಿನವರೆಗೆ ಮನುಷ್ಯರಿಗೆ ಮಾನ್ಯತೆ ಪಡೆದ ಆರ್‌ಎನ್‌ಎ ಲಸಿಕೆಗಳೆಲ್ಲ ಲಿಪಿಡ್ ಗುಳ್ಳೆಗಳಲ್ಲೇ ಬಂದಿವೆ. ಪುಣೆಯ ಜೆನೋವಾ ಸಂಸ್ಥೆಯ ಲಸಿಕೆಗೆ 2022ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು, ಅದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬಹುದು. ಇದು ದೊಡ್ಡ ಹೆಜ್ಜೆಯೇ, ಆದರೂ ಹೆಗಲಿನ ಪೆಟ್ಟಿಗೆ ತಪ್ಪಲಿಲ್ಲ. ಕೈಟೋಸಾನ್ ಅಥವಾ ರೇಷ್ಮೆ ಹೊದ್ದ ಜೀನ್ ಲಸಿಕೆ ಇನ್ನೂ ಪ್ರಯೋಗಶಾಲೆಯಲ್ಲಿ, ಇಲಿ ಮೀನುಗಳಲ್ಲಿ ನಡೆಯುತ್ತಿರುವ ಕೆಲಸ.

ಚಳ್ಳಕೆರೆ ಸೀಮೆಗೆ ಅದು ಮೊದಲು ಬಂದರೆ ಬಹುಶಃ ಕುರಿಗಳ ಮೂಲಕ ಬಂದೀತು. ಡಿಎನ್‌ಎ ಲಸಿಕೆಗಳಿಗೆ ಮೊದಲು ಬಾಗಿಲು ತೆರೆದದ್ದೂ ಪ್ರಾಣಿಗಳಲ್ಲೇ: 2005ರಲ್ಲಿ ಅಮೆರಿಕದಲ್ಲಿ ಕುದುರೆಗೆ, ಕೆನಡಾದಲ್ಲಿ ಸಾಲ್ಮನ್ ಮೀನಿಗೆ, ಮನುಷ್ಯರಿಗಿಂತ ಹದಿನಾರು ವರ್ಷ ಮುಂಚೆ. ಮೇವು ಅರಸಿ ಮಂದೆ ಹೊಡೆದುಕೊಂಡು ಊರೂರು ಅಲೆಯುವ ಕುರಿಗಾಹಿಯ ಹಿಂದೆ ಐಸ್ ಪೆಟ್ಟಿಗೆ ಹೊತ್ತುಕೊಂಡು ಓಡುವುದು ಕಷ್ಟ. ಹಿರೇಬೇನೆಗೋ ನೀಲಿ ನಾಲಿಗೆ ರೋಗಕ್ಕೋ ಒಂದು ಒಣ ಪಟ್ಟಿ ಅವನ ಕಂಬಳಿಯ ಕೊಪ್ಪೆಯಲ್ಲೇ ತಿಂಗಳುಗಟ್ಟಲೆ ಕೆಡದೆ ಉಳಿಯುವಂತಾದರೆ, ಬೇನೆ ಕಾಣಿಸಿಕೊಂಡ ಕಡೆ ಡಾಕ್ಟರಿಗಾಗಿ ಮಂದೆಯನ್ನು ಹಿಂದಕ್ಕೆ ತಿರುಗಿಸಬೇಕಾಗುವುದಿಲ್ಲ.